ಬಸ್ಸಿಗೆ ಆನ್, ಕಾರಿಗೆ ಇನ್: ಒಂದು ರಜೆ ಅರ್ಜಿಯ ಆರು ಕೆಂಪು ಗೆರೆಗಳು

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಹಳ್ಳಿಯವಳು. ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮ. ಈಗ ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯ ರಿಸೆಪ್ಷನ್‌ನಲ್ಲಿ ಕೆಲಸ ಮಾಡ್ತೀನಿ. ಇಂಗ್ಲಿಷ್ ಅರ್ಥ ಆಗುತ್ತದೆ, ಧೈರ್ಯ ಮಾಡಿ ಮಾತಾಡ್ತೀನಿ ಕೂಡ. ಆದರೆ ಇನ್, ಆನ್, ಅಟ್, ಫಾರ್, ಸಿನ್ಸ್ ಬಂದಲ್ಲೆಲ್ಲ ತಡವರಿಸ್ತೀನಿ. ಬಸ್ಸಿನ ಒಳಗೇ ಕೂತಿದ್ದರೂ 'ಆನ್ ದ ಬಸ್' ಅಂತಾರೆ, ಕಾರಿಗೆ ಮಾತ್ರ 'ಇನ್ ದ ಕಾರ್'. ಯಾಕೆ? ಮೊನ್ನೆ ರಜೆ ಅರ್ಜಿ ಕೊಟ್ಟೆ. ಮ್ಯಾನೇಜರ್ ಆರು ಕಡೆ ಕೆಂಪು ಗೆರೆ ಎಳೆದು ವಾಪಸ್ ಕೊಟ್ಟರು, ಏನು ತಪ್ಪು ಅಂತ ಹೇಳಲಿಲ್ಲ. ಅರ್ಜಿ ಹೀಗಿತ್ತು: 'ಐ ಆಮ್ ವರ್ಕಿಂಗ್ ಇನ್ ದಿಸ್ ಹಾಸ್ಪಿಟಲ್ ಸಿನ್ಸ್ ಟೂ ಇಯರ್ಸ್. ಮೈ ಸಿಸ್ಟರ್ ಈಸ್ ಗೆಟ್ಟಿಂಗ್ ಮ್ಯಾರೀಡ್ ವಿತ್ ಅ ಟೀಚರ್ ಇನ್ ಟ್ವೆಲ್ಫ್ತ್ ಮೇ. ಐ ರಿಕ್ವೆಸ್ಟ್ ಫಾರ್ ಫೋರ್ ಡೇಸ್ ಲೀವ್. ಐ ವಿಲ್ ರಿಟರ್ನ್ ಆನ್ ನೆಕ್ಸ್ಟ್ ಮಂಡೇ. ಐ ಹ್ಯಾವ್ ಡಿಸ್ಕಸ್ಡ್ ಅಬೌಟ್ ದಿಸ್ ವಿತ್ ದ ಡಾಕ್ಟರ್.' ನಿಯಮಗಳಿದ್ದರೆ ಬರೆದು ಕೊಡಿ, ಬಾಯಿಪಾಠ ಮಾಡ್ತೀನಿ. ಇನ್ನೊಂದು ಮಾತು, ವಾಕ್ಯದ ಕೊನೆಗೆ ಇಂಥ ಪ್ರಿಪೊಸಿಷನ್ ಬರಲೇಬಾರದು ಅಂತ ನನ್ನ ತಮ್ಮ ಹೇಳ್ತಾನೆ. ನಿಜವಾ?

ಉತ್ತರ: ಬಾಯಿಪಾಠದ ಆಸೆ ಈಗಲೇ ಬಿಟ್ಟುಬಿಡಿ. ಮೂರೋ ನಾಲ್ಕೋ ನಿಯಮ ನಿಜವಾಗಿ ಕೆಲಸಕ್ಕೆ ಬರುತ್ತವೆ, ಅವನ್ನು ಕೆಳಗೆ ಹೇಳ್ತೀನಿ. ಉಳಿದದ್ದು ನಿಯಮದಿಂದ ಬರಲ್ಲ, ರೂಢಿಯಿಂದ ಬರಬೇಕು. ನಾನು ಇದೇ ಊರಲ್ಲಿ ಇಂಗ್ಲಿಷ್ ಪಾಠ ಮಾಡ್ತಾ ಬಂದವನು. ನಿಮ್ಮ ಅರ್ಜಿಯಲ್ಲಿರುವ ಆರು ತಪ್ಪುಗಳೂ ನನಗೆ ಹಳೇ ಪರಿಚಯದವು. ಅರ್ಧದಷ್ಟು ಕನ್ನಡದಿಂದ ನೇರವಾಗಿ ಇಳಿದು ಬಂದಿವೆ. ಇನ್ನರ್ಧ ಪ್ರಿಪೊಸಿಷನ್ ಬಿಟ್ಟುಹೋದೀತು ಅನ್ನೋ ಭಯಕ್ಕೆ ತುರುಕಿದವು.

ಮೊದಲನೇ ಸಾಲು ತಗೊಳ್ಳಿ, 'ಸಿನ್ಸ್ ಟೂ ಇಯರ್ಸ್'. ಬರೆಯುವಾಗ ನಿಮ್ಮ ತಲೆಯಲ್ಲಿದ್ದದ್ದು 'ಎರಡು ವರ್ಷದಿಂದ', ಅಲ್ವಾ? 'ಇಂದ' ಕಂಡ ಕೂಡಲೇ ಕೈ 'ಸಿನ್ಸ್' ಬರೆಯಿತು. ಇದು ಕನ್ನಡದವರೊಬ್ಬರ ಕಥೆ ಅಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಸ್ವಲ್ಪ ಹೊತ್ತು ನಿಂತರೆ ನಾಲ್ಕು ಭಾಷೆ ಕಿವಿಗೆ ಬೀಳುತ್ತವೆ. ಇಲ್ಲಿನ ಉರ್ದುವಾದ ದಖನಿಯಲ್ಲಿ 'ದೋ ಸಾಲ್ ಸೆ', ಮರಾಠಿಯಲ್ಲಿ 'ದೋನ್ ವರ್ಷಾಂಪಾಸೂನ್', ತೆಲುಗಿನಲ್ಲಿ 'ರೆಂಡು ಸಂವತ್ಸರಾಲ ನುಂಚಿ'. ಎಲ್ಲರಿಗೂ 'ಇಂದ'ವೇ ಬೇಕು. ಹಾಗಾಗಿ ಇಲ್ಲಿ ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದೋದೇ ಇಲ್ಲ, ಎಲ್ಲರ ಕಿವಿಗೂ ಅದು ಸರಿಯಾಗೇ ಕೇಳುತ್ತದೆ.

ಇಂಗ್ಲಿಷಿನವರು ಇಲ್ಲಿ ಎರಡು ಬೇರೆ ಪ್ರಶ್ನೆ ಕೇಳುತ್ತಾರೆ. ಎಷ್ಟು ಕಾಲ? ಅದಕ್ಕೆ 'ಫಾರ್'. ಯಾವಾಗ ಶುರುವಾಯಿತು? ಅದಕ್ಕೆ 'ಸಿನ್ಸ್'. ಅನುಮಾನ ಬಂದರೆ ಗೋಡೆಯ ಕ್ಯಾಲೆಂಡರ್ ನೋಡಿ. ನೀವು ಹೇಳುತ್ತಿರುವುದರ ಮೇಲೆ ಬೆರಳಿಡಲು ಬರುತ್ತದಾ? ಭಾನುವಾರದ ಮೇಲೆ ಇಡಬಹುದು, ಯುಗಾದಿಯ ಮೇಲೆ ಇಡಬಹುದು. ಅಲ್ಲೆಲ್ಲ 'ಸಿನ್ಸ್'. 'ಎರಡು ವರ್ಷ', 'ಮೂರು ದಿನ' ಇವುಗಳ ಮೇಲೆ ಬೆರಳಿಡೋದು ಎಲ್ಲಿ? ಅಲ್ಲಿ 'ಫಾರ್'. ನಿಮ್ಮ ಕೌಂಟರ್‌ನಲ್ಲಿ ದಿನಾ ಬರೆಯುವ 'ಫೀವರ್ ಸಿನ್ಸ್ ತ್ರೀ ಡೇಸ್' ಇದೇ ಜಾತಿಗೆ ಸೇರಿದ್ದು. 'ಫೀವರ್ ಫಾರ್ ತ್ರೀ ಡೇಸ್' ಅಂತ ಬರೆಯಿರಿ, ಇಲ್ಲವೇ 'ಫೀವರ್ ಸಿನ್ಸ್ ಸಂಡೇ'. ಹಾಗೇ 'ಐ ಆಮ್ ವರ್ಕಿಂಗ್' ಕೂಡ 'ಐ ಹ್ಯಾವ್ ಬೀನ್ ವರ್ಕಿಂಗ್' ಆಗಬೇಕು. ಆಗ ಶುರುವಾಗಿ ಈಗಲೂ ನಡೀತಿದೆ ಅನ್ನೋದನ್ನು ಆ ರೂಪ ಮಾತ್ರ ಹೇಳುತ್ತದೆ.

ಈ 'ಇಂದ' ಎಂಥ ಪ್ರತ್ಯಯ ಅಂತ ತಿಳಿಯಬೇಕಾದರೆ ಬಿದ್ರಿ ಹೂದಾನಿ ನೋಡಿ. ಬೀದರಿಗೆ ಬಂದವರಿಗೆ ಅದರ ಬಗ್ಗೆ ಕನ್ನಡದಲ್ಲಿ ಹೀಗೆ ಹೇಳ್ತೀವಿ: ಇದು ಇಲ್ಲಿನ ಕುಶಲಕರ್ಮಿಗಳಿಂದ ಆದದ್ದು, ಸತು ಮತ್ತು ತಾಮ್ರದಿಂದ ಮಾಡಿದ್ದು, ಬೆಳ್ಳಿಯಿಂದ ಕುಸುರಿ ತುಂಬಿದ್ದು, ಕೋಟೆಯಿಂದ ತಂದ ಮಣ್ಣಿನಿಂದ ಕಪ್ಪು ಮಾಡಿದ್ದು. ಐದು 'ಇಂದ', ನಮಗೇನೂ ತೊಂದರೆ ಇಲ್ಲ. ಇದನ್ನೇ ಇಂಗ್ಲಿಷಿನಲ್ಲಿ ಹೇಳಿ: 'ಮೇಡ್ ಬೈ ಲೋಕಲ್ ಆರ್ಟಿಸನ್ಸ್, ಮೇಡ್ ಆಫ್ ಝಿಂಕ್ ಆ್ಯಂಡ್ ಕಾಪರ್, ಇನ್ಲೇಡ್ ವಿತ್ ಸಿಲ್ವರ್, ಬ್ಲ್ಯಾಕನ್ಡ್ ವಿತ್ ಸಾಯಿಲ್ ಫ್ರಮ್ ದ ಫೋರ್ಟ್'. ಮಾಡಿದವರಿಗೆ 'ಬೈ'. ಕಚ್ಚಾ ಲೋಹಕ್ಕೆ 'ಆಫ್'. ತುಂಬಲು, ಬಳಿಯಲು ಬಳಸಿದ್ದಕ್ಕೆ 'ವಿತ್'. ತಂದ ಜಾಗಕ್ಕೆ 'ಫ್ರಮ್'. ನಾವು ಒಂದೇ ಪ್ರತ್ಯಯದಲ್ಲಿ ಮುಗಿಸಿದ್ದನ್ನು ಅವರು ನಾಲ್ಕು ಪದಕ್ಕೆ ಹಂಚಿದ್ದಾರೆ. ಹಾಗಿರುವಾಗ ಒಂದು 'ಇಂದ'ಕ್ಕೆ ಒಂದು ಇಂಗ್ಲಿಷ್ ಪದ ಹುಡುಕಿದರೆ ಸಿಗೋದು ಹೇಗೆ?

ಇಲ್ಲೇ ಒಂದು ಸಣ್ಣ ಮಾತು ಸೇರಿಸಿಬಿಡ್ತೀನಿ. 'ಮೇಡ್ ಆಫ್' ಅಂದರೆ ಮೂಲ ವಸ್ತು ಇನ್ನೂ ಕಣ್ಣಿಗೆ ಗುರುತು ಸಿಗುತ್ತದೆ, ಮರದ ಕುರ್ಚಿ ಇದ್ದ ಹಾಗೆ. 'ಮೇಡ್ ಫ್ರಮ್' ಅಂದರೆ ಅದು ಬದಲಾಗಿ ಹೋಗಿದೆ. ಜೋಳ ಹಿಟ್ಟಾಗಿ, ನಾದಿ, ತಟ್ಟಿ ರೊಟ್ಟಿ ಆಗುತ್ತದಲ್ಲ, ಅದು 'ಮೇಡ್ ಫ್ರಮ್'. ಈ ಗೆರೆ ಅಷ್ಟೇನೂ ಗಟ್ಟಿ ಅಲ್ಲ. ಇಂಗ್ಲಿಷ್ ಮನೆಮಾತಿನವರೂ ಆಚೀಚೆ ಮಾಡ್ತಾರೆ, ಇದಕ್ಕಾಗಿ ಯಾರ ಜೊತೆಗೂ ಜಗಳ ಬೇಡ. ಮತ್ತೆ ಈ 'ಆಫ್'ಗೆ ಒಂದೇ ಎಫ್, ಬಾಯಲ್ಲಿ ಅದು 'ಆವ್' ಆಗುತ್ತದೆ. ಎರಡು ಎಫ್ ಇರುವ 'ಆಫ್' ಬೇರೆ, ಲೈಟ್ ಆರಿಸೋದು, ಬಸ್ ಇಳಿಯೋದು ಅದರ ಕೆಲಸ.

ಎರಡನೇ ಗೆರೆ, ಅಕ್ಕನ ಮದುವೆ. (ತಂಗಿ ಇದ್ದರೆ ಕ್ಷಮಿಸಿ, 'ಸಿಸ್ಟರ್' ಅಂದರೆ ಗೊತ್ತಾಗಲ್ಲ ನೋಡಿ.) ನಮ್ಮಲ್ಲಿ ಶಿಕ್ಷಕರ 'ಜೊತೆ' ಮದುವೆ, ಅದಕ್ಕೇ ನಿಮಗೆ 'ವಿತ್' ಹೊಳೆದಿದೆ. ಇಂಗ್ಲಿಷಿನಲ್ಲಿ 'ಮ್ಯಾರೀಡ್ ಟು'. ನಿಶ್ಚಿತಾರ್ಥಕ್ಕೂ 'ಎಂಗೇಜ್ಡ್ ಟು', ನೆಂಟಸ್ತಿಕೆಗೂ 'ರಿಲೇಟೆಡ್ ಟು'. 'ಮ್ಯಾರೀಡ್ ವಿತ್' ಅನ್ನೋದು ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ ಅಂತಲ್ಲ. 'ಶೀ ಈಸ್ ಮ್ಯಾರೀಡ್ ವಿತ್ ಟೂ ಚಿಲ್ಡ್ರನ್' ಅಂತಾರೆ, ಮದುವೆ ಆಗಿದೆ, ಎರಡು ಮಕ್ಕಳಿವೆ ಅಂತ ಅರ್ಥ. ನಿಮ್ಮ ಸಾಲು ಓದಿದವರಿಗೆ ಅರ್ಥ ಆಗೇ ಆಗುತ್ತದೆ, ಆದರೂ ಒಂದು ಕ್ಷಣ ಕಣ್ಣು ಅಲ್ಲೇ ಎಡವುತ್ತದೆ. ಈ ತಾಪತ್ರಯವೇ ಬೇಡ ಅನಿಸಿದರೆ ನೇರವಾಗಿ 'ಶೀ ಈಸ್ ಮ್ಯಾರಿಯಿಂಗ್ ಅ ಟೀಚರ್' ಅನ್ನಿ, ನಡುವೆ ಏನೂ ಬೇಡ.

ಮೂರನೇದು, 'ಇನ್ ಟ್ವೆಲ್ಫ್ತ್ ಮೇ'. ಇದಕ್ಕೆ ಒಂದು ಒಳ್ಳೆಯ ನಿಯಮ ಇದೆ. ಗಡಿಯಾರದಲ್ಲಿ ಇರೋದಕ್ಕೆ 'ಅಟ್', ಕ್ಯಾಲೆಂಡರ್‌ನ ಒಂದು ಚೌಕಕ್ಕೆ 'ಆನ್', ಆ ಚೌಕಕ್ಕಿಂತ ದೊಡ್ಡದಕ್ಕೆಲ್ಲ 'ಇನ್'. ಗುಲ್ಬರ್ಗ ಅನ್ನೋ ಹೆಸರು ಹೋಗಿ ಕಲಬುರಗಿ ಆದದ್ದು ಯಾವಾಗ? 'ಇನ್ 2014' ಅನ್ನಬಹುದು, 'ಇನ್ ನವೆಂಬರ್ 2014' ಅನ್ನಬಹುದು. ತಾರೀಖು ಹೇಳಿದ ಕೂಡಲೇ 'ಆನ್ 1 ನವೆಂಬರ್ 2014'. ತಿಂಗಳು, ವರ್ಷ ಎರಡೂ ಅಲ್ಲೇ ಇದ್ದರೂ 1 ಅನ್ನೋ ಅಂಕಿ ಬಂತು ಅಂದರೆ 'ಆನ್' ಗೆಲ್ಲುತ್ತದೆ. ಹಾಗಾಗಿ 'ಇನ್ ಮೇ' ಸರಿ, 'ಆನ್ 12 ಮೇ' ಸರಿ, ನೀವು ಬರೆದದ್ದು ಎರಡರ ಬೆರಕೆ. 'ಇನ್ ದ ಮಾರ್ನಿಂಗ್' ಅಂತೀವಿ, ಆದರೆ ವಾರದ ಹೆಸರು ಸೇರಿದರೆ 'ಆನ್ ಮಂಡೇ ಮಾರ್ನಿಂಗ್'. ರಾತ್ರಿಗೆ ಮಾತ್ರ 'ಅಟ್ ನೈಟ್'. ಯಾಕೆ ಅಂತ ಕೇಳಬೇಡಿ, ಅದು ಹಾಗೇ ಉಳಿದುಕೊಂಡು ಬಂದಿದೆ.

ಉಳಿದ ಮೂರು ಗೆರೆಗಳ ರೋಗ ಒಂದೇ. ಅಲ್ಲಿ ಪ್ರಿಪೊಸಿಷನ್ನೇ ಬೇಕಿರಲಿಲ್ಲ. 'ರಿಕ್ವೆಸ್ಟ್ ಫಾರ್', 'ಡಿಸ್ಕಸ್ಡ್ ಅಬೌಟ್', 'ಆನ್ ನೆಕ್ಸ್ಟ್ ಮಂಡೇ'. ಯಾವುದು ಹಾಕಬೇಕು ಅಂತ ತಲೆ ಕೆಡಿಸಿಕೊಳ್ಳೋರು ಜಾಸ್ತಿ, ಹಾಕಬೇಕಾ ಅಂತ ಕೇಳಿಕೊಳ್ಳೋರು ಕಡಿಮೆ.

ಮೊದಲ ಎರಡಕ್ಕೆ ಒಂದು ಗುಟ್ಟಿದೆ, ಇದನ್ನು ಹಿಡಿದುಕೊಂಡರೆ ಹತ್ತಾರು ತಪ್ಪು ಒಟ್ಟಿಗೆ ಹೋಗುತ್ತವೆ. ಇಂಗ್ಲಿಷಿನ ಹಲವು ಪದಗಳು ನಾಮಪದವಾಗಿದ್ದಾಗ ಪ್ರಿಪೊಸಿಷನ್ ಕೇಳುತ್ತವೆ, ಕ್ರಿಯಾಪದ ಆದಾಗ ಬೇಡ ಅನ್ನುತ್ತವೆ. 'ಮೈ ರಿಕ್ವೆಸ್ಟ್ ಫಾರ್ ಲೀವ್' ಸರಿ, ಇಲ್ಲಿ 'ರಿಕ್ವೆಸ್ಟ್' ಅಂದರೆ ಮನವಿ. 'ಐ ರಿಕ್ವೆಸ್ಟ್ ಲೀವ್' ಅಂದರೆ ನಾನು ಕೇಳ್ತಿದ್ದೀನಿ, ಅಲ್ಲಿ 'ಫಾರ್' ಬೇಡ. 'ಅ ಡಿಸ್ಕಷನ್ ಅಬೌಟ್ ಸ್ಯಾಲರಿ' ಸರಿ, 'ವಿ ಡಿಸ್ಕಸ್ಡ್ ದ ಸ್ಯಾಲರಿ' ಸರಿ. 'ಆ್ಯನ್ ಆರ್ಡರ್ ಫಾರ್ ಟೀ', ಆದರೆ 'ಐ ಆರ್ಡರ್ಡ್ ಟೀ'. 'ಅ ವಿಸಿಟ್ ಟು ಬೀದರ್ ಫೋರ್ಟ್', ಆದರೆ 'ವಿ ವಿಸಿಟೆಡ್ ಬೀದರ್ ಫೋರ್ಟ್'. 'ಎಂಫಸಿಸ್ ಆನ್', ಆದರೆ 'ಎಂಫಸೈಝ್' ಒಂದೇ. ನಾವು ನಾಮಪದದ ಬಾಲವನ್ನು ಕಿತ್ತು ಕ್ರಿಯಾಪದಕ್ಕೆ ಅಂಟಿಸಿಬಿಡ್ತೀವಿ. 'ಡಿಸ್ಕಸ್ ಅಬೌಟ್'ಗೆ ನಮ್ಮ 'ಬಗ್ಗೆ' ಬೇರೆ ಕುಮ್ಮಕ್ಕು ಕೊಡುತ್ತದೆ.

'ರೀಚ್' ಕೂಡ ಇದೇ ಪೈಕಿ. 'ರೀಚ್ಡ್ ಟು ಹೋಮ್' ಅಂತ ದಿನಾ ಮೆಸೇಜ್ ಬರುತ್ತವೆ. ಇಲ್ಲಿ ಮಾತ್ರ ನಮ್ಮ ಕಡೆಯ ಕನ್ನಡವನ್ನೇ ನಂಬಿ. 'ಮನಿ ಮುಟ್ಟಿದೆ' ಅಂತೀವಲ್ಲ, ಅದರಲ್ಲಿ 'ಗೆ' ಎಲ್ಲಿದೆ? ಹಾಗೇ 'ರೀಚ್ಡ್ ಹೋಮ್', 'ರೀಚ್ಡ್ ಯಾದಗಿರಿ'. 'ತಲುಪಿದೆ' ಅನ್ನುವ ಪುಸ್ತಕದ ಕನ್ನಡ ತಲೆಯಲ್ಲಿಟ್ಟುಕೊಂಡರೆ 'ಮನೆಗೆ' ಬಂದು 'ಟು' ಸೇರಿಕೊಳ್ಳುತ್ತದೆ.

'ನೆಕ್ಸ್ಟ್ ಮಂಡೇ' ಸುಲಭ. ನೆಕ್ಸ್ಟ್, ಲಾಸ್ಟ್, ದಿಸ್, ಎವ್ರಿ ಇವು ಬಂದರೆ ಮುಂದೆ ಇನ್ ಆನ್ ಅಟ್ ಯಾವುದೂ ಬೇಡ. ಟುಡೇ, ಟುಮಾರೊ, ಯೆಸ್ಟರ್ಡೇಗೂ ಬೇಡ. ಆದರೂ ನನ್ನ ಸಲಹೆ ಕೇಳೋದಾದರೆ ಅರ್ಜಿಯಲ್ಲಿ 'ನೆಕ್ಸ್ಟ್ ಮಂಡೇ' ಬರೆಯಲೇಬೇಡಿ. ಬರುವ ಸೋಮವಾರವೋ ಅದರಾಚೆಯ ಸೋಮವಾರವೋ ಅಂತ ಇಂಗ್ಲೆಂಡಿನವರಿಗೂ ಗೊಂದಲ ಇದೆ. ತಾರೀಖು ಹಾಕಿ, ಮುಗೀತು.

ಇನ್ನು ಬಸ್ಸು. ನಮ್ಮ ಹಳ್ಳಿ ರೂಟುಗಳಲ್ಲಿ ಜಾತ್ರೆ ಟೈಮಿಗೆ ಟಾಪ್ ಮೇಲೂ ಜನ ಕೂತು ಬಂದದ್ದುಂಟು, ಅವರಿಗೆ 'ಆನ್ ದ ಬಸ್' ಅಕ್ಷರಶಃ ಸರಿಹೋಗುತ್ತದೆ. ಒಳಗೆ ಕೂತವರಿಗೂ ಅದೇ ಯಾಕೆ? ಎದ್ದು ನಿಂತು, ನಾಲ್ಕು ಹೆಜ್ಜೆ ಓಡಾಡಲು ಬರುವ, ಹತ್ತು ಜನರ ಜೊತೆ ಹೋಗುವ ಗಾಡಿಗೆ ಇಂಗ್ಲಿಷಿನವರು 'ಆನ್' ಅಂತಾರೆ. ಬಸ್ಸು, ರೈಲು, ವಿಮಾನ, ಹಡಗು. ತಲೆ ಬಗ್ಗಿಸಿ ಒಳಗೆ ನುಸುಳಿ ಕೂರುವ ಗಾಡಿಗೆ 'ಇನ್'. ಕಾರು, ಟ್ಯಾಕ್ಸಿ, ಆಟೊ. ನಮ್ಮ ಟಂಟಂ ಕೂಡ 'ಇನ್'ಗೇ ಸೇರಬೇಕು. ಅದರಲ್ಲಿ ಹತ್ತು ಜನ ಇರ್ತಾರೆ ನಿಜ, ಆದರೆ ಎದ್ದು ಓಡಾಡೋದು ಹಾಗಿರಲಿ, ಕಾಲು ಚಾಚಲೂ ಜಾಗ ಇರಲ್ಲ. ಕಾಲು ಹಾಕಿ ಏರಿ ಕೂರುವ ಬೈಕು, ಸೈಕಲ್, ಕುದುರೆಗೆ ಮತ್ತೆ 'ಆನ್'. ಹತ್ತುವುದಕ್ಕೆ 'ಗೆಟ್ ಆನ್ ದ ಬಸ್', ಕಾರಿಗೆ 'ಗೆಟ್ ಇನ್'. ಹೇಗೆ ಬಂದಿರಿ ಅಂತ ಕೇಳಿದರೆ 'ಬೈ ಬಸ್', ನಡುವೆ 'ದ' ಇಲ್ಲ. ನಡೆದು ಬಂದಿದ್ದರೆ 'ಆನ್ ಫುಟ್'. 'ಇನ್ ದ ಬಸ್' ಪೂರ್ತಿ ತಪ್ಪು ಅಂತ ನಾನು ಹೇಳಲ್ಲ. ಬಸ್ಸಿನ ಒಳಗೆ ತುಂಬಾ ಸೆಕೆ ಇತ್ತು ಅಂತ ಒಳಭಾಗವನ್ನೇ ಒತ್ತಿ ಹೇಳುವಾಗ ಅದೂ ನಡೆಯುತ್ತದೆ.

'ಅಟ್' ಮಾತ್ರ ಜನ ಅಂದುಕೊಂಡಷ್ಟು ಸರಳ ಅಲ್ಲ. ದೊಡ್ಡ ಊರಿಗೆ 'ಇನ್', ಸಣ್ಣ ಊರಿಗೆ 'ಅಟ್' ಅಂತ ಶಾಲೆಯಲ್ಲಿ ಹೇಳಿಕೊಟ್ಟಿರ್ತಾರೆ. ಹಾಗಲ್ಲ. ನೀವು ಆ ಜಾಗವನ್ನು ಹೇಗೆ ನೋಡ್ತಿದ್ದೀರಿ ಅನ್ನೋದು ಮುಖ್ಯ. ನೀವು ವಾಸ ಇರೋದು 'ಇನ್ ಕಲಬುರಗಿ', ಯಾಕೆಂದರೆ ಊರು ನಿಮ್ಮ ಸುತ್ತ ಇದೆ. ಅದೇ ಕಲಬುರಗಿ ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ದಾರಿಯ ಮೇಲಿನ ಒಂದು ಚುಕ್ಕೆ ಅಷ್ಟೆ. ಹಾಗಾಗಿ 'ದ ಟ್ರೇನ್ ಸ್ಟಾಪ್ಸ್ ಅಟ್ ಯಾದಗಿರಿ, ವಾಡಿ ಆ್ಯಂಡ್ ಕಲಬುರಗಿ'. ಮೂರಕ್ಕೂ 'ಅಟ್', ಊರಿನ ಗಾತ್ರ ಎಷ್ಟೇ ಇರಲಿ. ಬೀದರ್ ಕೋಟೆಯನ್ನೇ ನೋಡಿ. ಗೆಳತಿಗೆ 'ಮೀಟ್ ಮಿ ಅಟ್ ದ ಫೋರ್ಟ್' ಅಂದರೆ ಕೋಟೆ ಬರೀ ಗುರುತಿನ ಜಾಗ, ಬಾಗಿಲ ಹೊರಗೆ ನಿಂತರೂ ನಡೆಯುತ್ತದೆ. 'ದ ಪ್ಯಾಲೇಸ್ ಇನ್ ದ ಫೋರ್ಟ್' ಅಂದರೆ ಗೋಡೆಯ ಒಳಗೆ. 'ಆನ್ ದ ಫೋರ್ಟ್ ವಾಲ್' ಅಂದರೆ ಗೋಡೆ ಹತ್ತಿ ನಿಂತಿದ್ದೀರಿ. ಕನ್ನಡದಲ್ಲಿ ಇವೆಲ್ಲದಕ್ಕೂ 'ಅಲ್ಲಿ' ಸಾಕು, 'ಕೋಟೆಯಲ್ಲಿ ಸಿಗು' ಅಂದರೆ ಒಳಗೋ ಹೊರಗೋ ಅಂತ ಫೋನ್ ಮಾಡಿ ಕೇಳ್ಕೊಳ್ತೀವಿ. ವಿಳಾಸಕ್ಕೂ ಇದೇ ಲೆಕ್ಕ: ಮನೆ ನಂಬರಿಗೆ 'ಅಟ್', ರಸ್ತೆಗೆ 'ಆನ್ ಸೇಡಂ ರೋಡ್', ಬಡಾವಣೆಗೂ ಊರಿಗೂ 'ಇನ್'.

ನಿಮ್ಮ ಕೆಲಸಕ್ಕೆ ನೇರವಾಗಿ ಬೇಕಾದವು ಬೇರೆಯೇ ಇವೆ, ವ್ಯಾಕರಣ ಪುಸ್ತಕದಲ್ಲಿ ಒಂದೇ ಕಡೆ ಸಿಗಲ್ಲ. ಡಾಕ್ಟರ್ ಎಲ್ಲಿ ಅಂತ ಯಾರಾದರೂ ಇಂಗ್ಲಿಷಿನಲ್ಲಿ ಕೇಳಿದರು ಅಂದುಕೊಳ್ಳಿ. ರಜೆಯಲ್ಲಿದ್ದರೆ 'ಆನ್ ಲೀವ್', ಡ್ಯೂಟಿಯಲ್ಲಿದ್ದರೆ 'ಆನ್ ಡ್ಯೂಟಿ', ಫೋನಿನಲ್ಲಿದ್ದರೆ 'ಆನ್ ದ ಫೋನ್'. ಮೀಟಿಂಗ್‌ನಲ್ಲಿದ್ದರೆ 'ಇನ್ ಅ ಮೀಟಿಂಗ್', ಊಟಕ್ಕೆ ಹೋಗಿದ್ದರೆ 'ಅಟ್ ಲಂಚ್'. ಕೋಣೆಗೆ 'ಇನ್ ರೂಮ್ 12', ಮಹಡಿಗೆ 'ಆನ್ ದ ಸೆಕೆಂಡ್ ಫ್ಲೋರ್', ಕೌಂಟರಿಗೆ 'ಪೇ ಅಟ್ ದ ಕೌಂಟರ್'. ರೋಗಿ 'ಅಡ್ಮಿಟೆಡ್ ಟು' ಆಸ್ಪತ್ರೆ, 'ಡಿಸ್ಚಾರ್ಜ್ಡ್ ಫ್ರಮ್' ಆಸ್ಪತ್ರೆ, 'ಸಫರಿಂಗ್ ಫ್ರಮ್' ಜ್ವರ, 'ಅಲರ್ಜಿಕ್ ಟು' ಪೆನಿಸಿಲಿನ್. 'ಅಡ್ಮಿಟೆಡ್ ಇನ್' ನಮ್ಮಲ್ಲಿ ಬಾಯಿಂದ ಬಾಯಿಗೆ ಹರಿದಾಡುತ್ತದೆ, ಬರೆಯುವಾಗ ಬಿಟ್ಟುಬಿಡಿ. ಖಾಲಿ ಹೊಟ್ಟೆಯಲ್ಲಿ ಮಾತ್ರೆ ತಗೊಳ್ಳಿ ಅನ್ನೋದಕ್ಕೆ 'ಆನ್ ಆ್ಯನ್ ಎಂಪ್ಟಿ ಸ್ಟಮಕ್'. ಹೊಟ್ಟೆಯ 'ಮೇಲೆ' ಅಂತ ನಗು ಬಂದರೂ ಅದೇ ಸರಿ.

ಒಂದು ಕಡೆ ನಾವು ಹಾಕಬೇಕಾದ್ದನ್ನು ನುಂಗಿಬಿಡ್ತೀವಿ. 'ದ ಪೇಷಂಟ್ ವಾಸ್ ಆಪರೇಟೆಡ್ ಯೆಸ್ಟರ್ಡೇ' ಅಂತ ಎಲ್ಲರೂ ಬರೀತಾರೆ. ಇಂಗ್ಲಿಷಿನಲ್ಲಿ ಲಿಫ್ಟನ್ನೋ ಮಷೀನನ್ನೋ 'ಆಪರೇಟ್' ಮಾಡ್ತಾರೆ, ಮನುಷ್ಯರಿಗೆ 'ಆಪರೇಟ್ ಆನ್'. ಹಾಗಾಗಿ 'ವಾಸ್ ಆಪರೇಟೆಡ್ ಆನ್ ಯೆಸ್ಟರ್ಡೇ'. ಈಗ ನೀವು ಹೇಳ್ತೀರಿ, 'ಯೆಸ್ಟರ್ಡೇ' ಮುಂದೆ 'ಆನ್' ಬೇಡ ಅಂತ ಆಗಲೇ ಅಂದ್ರಲ್ಲ ಸರ್? ಆ 'ಆನ್' ಯೆಸ್ಟರ್ಡೇಗೆ ಸೇರಿದ್ದಲ್ಲ, 'ಆಪರೇಟೆಡ್'ಗೆ ಸೇರಿದ್ದು. ಸುಮ್ನೆ ಪಕ್ಕದಲ್ಲಿ ನಿಂತಿದೆ ಅಷ್ಟೆ.

ಟೈಮ್ ಹೇಳುವಾಗಿನ ಎರಡು ಎಡವಟ್ಟು ಕೂಡ ನೋಡಿಕೊಳ್ಳಿ. ಡಾಕ್ಟರ್ ಹತ್ತು ನಿಮಿಷಕ್ಕೆ ಬರ್ತಾರೆ ಅನ್ನೋಕೆ 'ಆಫ್ಟರ್ ಟೆನ್ ಮಿನಿಟ್ಸ್' ಅಂತೀವಿ. ಈಗಿಂದ ಎಣಿಸುವಾಗ 'ಇನ್ ಟೆನ್ ಮಿನಿಟ್ಸ್' ಅನ್ನಿ. ಇನ್ನೊಂದು, ರಿಪೋರ್ಟ್ 'ಟಿಲ್ ಫ್ರೈಡೇ' ಕೊಡ್ತೀವಿ ಅನ್ನೋದು. 'ಟಿಲ್' ಅಂದರೆ 'ತನಕ', ಶುಕ್ರವಾರದ ತನಕ ಕೊಡ್ತಾನೇ ಇರ್ತೀರಾ? ನಿಮಗೆ ಬೇಕಾದದ್ದು ಶುಕ್ರವಾರದ 'ಒಳಗೆ', ಅದು 'ಬೈ ಫ್ರೈಡೇ'. ಇಲ್ಲಿ ಕನ್ನಡ ಸರಿಯಾಗಿ ಯೋಚಿಸಿದರೆ ಸಾಕು, ಇಂಗ್ಲಿಷ್ ತಾನಾಗಿ ಸರಿಹೋಗುತ್ತದೆ.

'ಮೇಲೆ' ಅನ್ನೋದೂ ಸಾಕಷ್ಟು ಕಾಟ ಕೊಡುತ್ತದೆ. ನನ್ನ ಮೇಲೆ ಸಿಟ್ಟು, ದಖನಿಯಲ್ಲೂ 'ಮೇರೆ ಪೆ ಗುಸ್ಸಾ', ಹಾಗಾಗಿ ಇಬ್ಬರೂ ಸೇರಿ 'ಆಂಗ್ರಿ ಆನ್ ಮಿ' ಅಂತೀವಿ. ಆದರೆ ಅದು 'ಆಂಗ್ರಿ ವಿತ್ ಮಿ'. ಅವರ ಮೇಲೆ ಕಂಪ್ಲೇಂಟ್ ಅಂದರೆ 'ಕಂಪ್ಲೇಂಟ್ ಅಗೇನ್ಸ್ಟ್', ನಿಮ್ಮ ಮೇಲೆ ನಂಬಿಕೆ ಅಂದರೆ 'ಫೇತ್ ಇನ್ ಯು'. 'ಡಿಪೆಂಡ್ ಆನ್' ಒಂದು ಮಾತ್ರ ಪುಣ್ಯಕ್ಕೆ ಹೊಂದಿಕೊಂಡಿದೆ.

ಇಷ್ಟು ಕಾಟ ಯಾಕೆ ಕೊಡ್ತಾರೆ ಅಂತ ಸಿಟ್ಟು ಬಂದರೆ ಅವರ ಹಳೇ ಕಥೆ ಕೇಳಿ. ಸಾವಿರ ವರ್ಷದ ಹಿಂದೆ ಇಂಗ್ಲಿಷಿಗೂ ನಮ್ಮ ಹಾಗೆ ವಿಭಕ್ತಿ ಪ್ರತ್ಯಯ ಇದ್ದವು, ನಾಮಪದದ ಕೊನೆಗೆ ಅಂಟುತ್ತಿದ್ದವು. ಮುಂದಿನ ಕೆಲವು ಶತಮಾನಗಳಲ್ಲಿ ಅವು ಸವೆದು ಹೋದವು. ಅವುಗಳ ಕೆಲಸದಲ್ಲಿ ದೊಡ್ಡ ಪಾಲು ಮೊದಲೇ ಇದ್ದ ಈ ಪುಟ್ಟ ಪದಗಳ ತಲೆಗೆ ಬಿತ್ತು. ಒಂದೊಂದಕ್ಕೂ ಹತ್ತಾರು ಕೆಲಸ, ಅದಕ್ಕೇ ಅರ್ಥ ಹಿಡಿಯಲು ಹೋದರೆ ಜಾರುತ್ತವೆ. 'ಅಲೈವ್' ಅನ್ನೋ ಪದ ಇದೆಯಲ್ಲ, ಅದೂ ಒಂದು ಕಾಲದಲ್ಲಿ 'ಆನ್ ಲೈಫ್' ಅಂತಲೇ ಇತ್ತು.

ಹಾಗಾದರೆ ಕಲಿಯೋದು ಹೇಗೆ? ಪ್ರಿಪೊಸಿಷನ್ ಪಟ್ಟಿ ಇಟ್ಟುಕೊಂಡು ಕೂರಬೇಡಿ. 'ಇನ್ ಅಂದರೆ ಒಳಗೆ' ಅಂತ ಬರೆದುಕೊಂಡರೆ 'ಇಂಟರೆಸ್ಟೆಡ್ ಇನ್' ಎದುರು ಬಂದಾಗ ಅದು ಯಾವ ಕೆಲಸಕ್ಕೂ ಬರಲ್ಲ. ಹೊಸ ಪದ ಕಂಡಾಗ ಅದನ್ನು ಜೋಡಿ ಸಮೇತ ಬರೆದುಕೊಳ್ಳಿ. 'ಗುಡ್' ಬೇಡ, 'ಗುಡ್ ಅಟ್ ಮ್ಯಾಥ್ಸ್' ಬರೀರಿ. 'ಅಫ್ರೇಡ್' ಬೇಡ, 'ಅಫ್ರೇಡ್ ಆಫ್ ಡಾಗ್ಸ್' ಬರೀರಿ. ಇಲ್ಲದಿದ್ದರೆ ದಖನಿಯ 'ಕುತ್ತೆ ಸೆ ಡರ್' (ನಾಯಿಯಿಂದ ಭಯ) ಅನ್ನೋದು 'ಅಫ್ರೇಡ್ ಫ್ರಮ್' ಆಗಿಯೇ ತೀರುತ್ತದೆ. ನಿಘಂಟು ಕೊಳ್ಳುವಾಗ ಕಲಿಯುವವರಿಗೆ ಅಂತಲೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟು ಕೊಳ್ಳಿ. ಅದರಲ್ಲಿ ಅರ್ಥ ಬಿಟ್ಟು ಮೊದಲು ಉದಾಹರಣೆ ವಾಕ್ಯ ಓದಿ, ಪದದ ಜೊತೆ ಬರುವ ಪ್ರಿಪೊಸಿಷನ್ ಅಲ್ಲೇ ಎದ್ದು ಕಾಣುವಂತೆ ಕೊಟ್ಟಿರ್ತಾರೆ. ಮೊಬೈಲಿನಲ್ಲಿ ಕನ್ನಡದಿಂದ ಅನುವಾದ ಮಾಡಿಸಿ ಕಲಿಯೋದನ್ನು ನಾನು ಒಪ್ಪಲ್ಲ. ಉತ್ತರ ಸರಿ ಬಂದೀತು, ಆದರೆ ನಿಮ್ಮ ಕೈಗೆ ರೂಢಿ ಬರಲ್ಲ.

ತಮ್ಮ ಬ್ಯಾಂಕ್ ಪರೀಕ್ಷೆಗೋ ಮತ್ತೊಂದಕ್ಕೋ ಓದ್ತಿದ್ದರೆ ಅವನಿಗೆ ಇದೊಂದು ಹೇಳಿ: ಸೀನಿಯರ್, ಜೂನಿಯರ್, ಸುಪೀರಿಯರ್, ಇನ್ಫೀರಿಯರ್, ಪ್ರಿಫರ್. ಲ್ಯಾಟಿನ್‌ನಿಂದ ಬಂದ ಈ ಪದಗಳಿಗೆ 'ದ್ಯಾನ್' ಹಾಕಬಾರದು, 'ಟು' ಹಾಕಬೇಕು. ತಪ್ಪು ಹುಡುಕಿ ಅನ್ನುವ ಪ್ರಶ್ನೆಗಳಿಗೆ ಇದು ಹೇಳಿ ಮಾಡಿಸಿದ ವಿಷಯ. ವಾರಾಂತ್ಯಕ್ಕೆ ಬ್ರಿಟನ್ನಿನವರು 'ಅಟ್ ದ ವೀಕೆಂಡ್', ಅಮೆರಿಕದವರು 'ಆನ್ ದ ವೀಕೆಂಡ್' ಅಂತಾರೆ. ಅಂಥ ಕಡೆ ಎರಡರಲ್ಲಿ ಯಾವುದು ಬರೆದರೂ ಸರಿ.

ಈಗ ನಿಮ್ಮ ಅರ್ಜಿ. ಹೀಗೆ ಬರೆಯಿರಿ, ತಾರೀಖು ನಿಮಗೆ ಬೇಕಾದ ಹಾಗೆ ಬದಲಿಸಿಕೊಳ್ಳಿ: 'ಐ ಹ್ಯಾವ್ ಬೀನ್ ವರ್ಕಿಂಗ್ ಇನ್ ದಿಸ್ ಹಾಸ್ಪಿಟಲ್ ಫಾರ್ ಟೂ ಇಯರ್ಸ್. ಮೈ ಸಿಸ್ಟರ್ ಈಸ್ ಗೆಟ್ಟಿಂಗ್ ಮ್ಯಾರೀಡ್ ಆನ್ 12 ಮೇ. ಐ ರಿಕ್ವೆಸ್ಟ್ ಲೀವ್ ಫಾರ್ ಫೋರ್ ಡೇಸ್, ಫ್ರಮ್ 11 ಟು 14 ಮೇ. ಐ ವಿಲ್ ಬಿ ಬ್ಯಾಕ್ ಅಟ್ ವರ್ಕ್ ಆನ್ 15 ಮೇ. ಐ ಹ್ಯಾವ್ ಡಿಸ್ಕಸ್ಡ್ ದಿಸ್ ವಿತ್ ದ ಡಾಕ್ಟರ್.' ಭಾವ ಶಿಕ್ಷಕರು ಅನ್ನೋದನ್ನು ನಾನು ಬೇಕಂತಲೇ ಬಿಟ್ಟಿದ್ದೀನಿ. ಅವರೇನು ಕೆಲಸ ಮಾಡ್ತಾರೆ ಅಂತ ನೋಡಿ ರಜೆ ಕೊಡಲ್ಲ. 'ಲೀವ್ ಫಾರ್ ಫೋರ್ ಡೇಸ್' ಒಳಗಿನ 'ಫಾರ್' ನೋಡಿ ಗಾಬರಿ ಆಗಬೇಡಿ, ಅದು ಎಷ್ಟು ಕಾಲ ಅಂತ ಹೇಳುವ 'ಫಾರ್', ನೀವು 'ರಿಕ್ವೆಸ್ಟ್'ಗೆ ಅಂಟಿಸಿದ್ದು ಬೇರೆ.

ಕೊನೆಗೆ ತಮ್ಮನ ನಿಯಮ. ಅದು ಸುಳ್ಳು, ಆದರೆ ಹಳೇ ಸುಳ್ಳು. 1672ರಲ್ಲಿ ಜಾನ್ ಡ್ರೈಡನ್ ಅನ್ನುವ ಇಂಗ್ಲಿಷ್ ಕವಿ, ಅಷ್ಟೊತ್ತಿಗೆ ತೀರಿಕೊಂಡಿದ್ದ ಬೆನ್ ಜಾನ್ಸನ್ ಅನ್ನುವ ನಾಟಕಕಾರನ ಬರಹದಲ್ಲಿ ತಪ್ಪು ಎಣಿಸುವಾಗ, ವಾಕ್ಯದ ಕೊನೆಗೆ ಪ್ರಿಪೊಸಿಷನ್ ಇಟ್ಟಿದ್ದಾನೆ ಅಂತ ಆಕ್ಷೇಪ ತೆಗೆದ. ಅಲ್ಲಿಂದ ಮುಂದೆ ಶಾಲಾ ಮೇಷ್ಟ್ರುಗಳು ಅದನ್ನು ಹಿಡಿದುಕೊಂಡರು. ಲ್ಯಾಟಿನ್‌ನಲ್ಲಿ ಹಾಗೆ ಬರೆಯಲು ಬರಲ್ಲ, ಇಂಗ್ಲಿಷಿನಲ್ಲಿ ಮೊದಲಿಂದಲೂ ಬರೀತಾ ಬಂದಿದ್ದಾರೆ. ಕೌಂಟರ್ ಎದುರು ಸುಮ್ಮನೆ ಕೂತವರನ್ನು ಧಾರಾಳವಾಗಿ 'ಹೂ ಆರ್ ಯು ವೇಟಿಂಗ್ ಫಾರ್?' ಅಂತ ಕೇಳಿ. 'ಫಾರ್ ಹೂಮ್ ಆರ್ ಯು ವೇಟಿಂಗ್?' ಅಂತ ಕೇಳಿದರೆ ವ್ಯಾಕರಣ ಸರಿ ಇರುತ್ತದೆ, ಆದರೆ ಪಾಪ, ಅವರು ಏನೋ ದೊಡ್ಡ ವಿಷಯ ಅಂದುಕೊಂಡು ಎದ್ದು ನಿಲ್ಲುತ್ತಾರೆ.